ಪ್ರಾಯೋಗಿಕ ಆ್ಯಪ್‌ಗಳ ಪರೀಕ್ಷೆ: ಸ್ವಯಂಸೇವಕರಿಗೆ ಗ್ರಾಮ ಪಂಚಾಯಿತಿ ಸದಸ್ಯರ ನೆರವು

(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ನನಗೆ ವಹಿಸಿರುವ ವಿಷಯ ಮೇಲ್ನೋಟಕ್ಕೆ ಚಿಕ್ಕದು. ಹೊಸ ಮೊಬೈಲ್ ಆ್ಯಪ್ ಒಂದು ಅಂತಿಮ ರೂಪ ಪಡೆಯುವ ಮುನ್ನ ಅದರ ಪ್ರಾಯೋಗಿಕ ಆವೃತ್ತಿ ಕೆಲವು ಊರುಗಳಿಗೆ ಬರುತ್ತದೆ. ಅದನ್ನು ಬಳಸಿ ನೋಡಲು ಕಾಯಕ ಬಂಧುಗಳು, ಸ್ವಸಹಾಯ ಸಂಘದ ಮಹಿಳೆಯರು, ನೀರುಗಂಟಿಗಳು, ಕಾಲೇಜು ವಿದ್ಯಾರ್ಥಿಗಳು ಮುಂದೆ ಬರುತ್ತಾರೆ. ಇವರಿಗೆ ತಾವು ಹೇಗೆ ನೆರವಾಗಬಹುದು ಎಂಬುದೇ ಇಂದಿನ ಮಾತು. ‘ಆ್ಯಪ್ ನೋಡಿಕೊಳ್ಳಲು ಪಿಡಿಒ ಇದ್ದಾರೆ, ಡಾಟಾ ಎಂಟ್ರಿ ಆಪರೇಟರ್ ಇದ್ದಾರೆ, ಇದರಲ್ಲಿ ಸದಸ್ಯರಿಗೇನು ಕೆಲಸ’ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಉದ್ಯೋಗ ಖಾತ್ರಿಯ ಹಾಜರಾತಿ ಆ್ಯಪ್ ನಡೆದು ಬಂದ ದಾರಿಯನ್ನು ನೆನಪಿಸಿಕೊಂಡರೆ ಈ ಪ್ರಶ್ನೆಗೆ ಉತ್ತರ ತಾನಾಗಿಯೇ ದೊರೆಯುತ್ತದೆ.

ಎನ್‌ಎಂಎಂಎಸ್ ಎಂದು ನಾವೆಲ್ಲ ಕರೆಯುವ ಆ ಆ್ಯಪ್ ಪ್ರಾಯೋಗಿಕವಾಗಿ ಆರಂಭವಾದದ್ದು 2021ರ ಮೇ 21ರಂದು. ಆಗ ಬಳಕೆ ಐಚ್ಛಿಕವಾಗಿತ್ತು. 2022ರ ಮೇ 16ರಿಂದ, 20 ಅಥವಾ ಅದಕ್ಕಿಂತ ಹೆಚ್ಚು ಕೂಲಿಕಾರರಿರುವ ಕಾಮಗಾರಿಗಳಿಗೆ ಕಡ್ಡಾಯವಾಯಿತು. 2023ರ ಜನವರಿ 1ರಿಂದ ವೈಯಕ್ತಿಕ ಫಲಾನುಭವಿ ಕಾಮಗಾರಿಗಳನ್ನು ಬಿಟ್ಟು ಉಳಿದೆಲ್ಲ ಕಡೆಯೂ ಕಡ್ಡಾಯವಾಯಿತು. ಈ ಮೂರು ದಿನಾಂಕಗಳನ್ನು ದಯವಿಟ್ಟು ಗಮನದಲ್ಲಿಡಬೇಕು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಸುಮಾರು ಒಂದು ವರ್ಷದ ಅಂತರವಿದೆ. ಆ ಅವಧಿಯಲ್ಲಿ ಫೋಟೊ ಅಪ್‌ಲೋಡ್ ಆಗದಿದ್ದರೆ ಕಾಗದದ ಎನ್‌ಎಂಆರ್ ಇರುತ್ತಿತ್ತು. ಸಹಿ ಮಾಡಿದವರಿಗೆ ಕೂಲಿ ಸಲ್ಲುತ್ತಿತ್ತು. ಕಡ್ಡಾಯವಾದ ಮೇಲೆ ಅದೇ ದೋಷ ಒಬ್ಬ ಕೂಲಿಕಾರಳ ಒಂದು ದಿನದ ದುಡಿಮೆಯನ್ನೇ ನುಂಗುವಂತಾಯಿತು. ನಮ್ಮ ರಾಜ್ಯದಲ್ಲಿ 2025-26ನೇ ಸಾಲಿಗೆ ದಿನಗೂಲಿ 370 ರೂಪಾಯಿ. ಕೆರೆ ಹೂಳೆತ್ತುವ ಒಂದು ಕಾಮಗಾರಿಯಲ್ಲಿ 40 ಜನರ ಫೋಟೊ ಒಂದು ದಿನ ಹೋಗಲಿಲ್ಲವೆಂದರೆ 14,800 ರೂಪಾಯಿ.

ಆಮೇಲೆ ಆ ಆ್ಯಪ್‌ನಲ್ಲಿ ತಿದ್ದುಪಡಿಗಳಾದವು. ಇಂಗ್ಲಿಷಿನ ಜೊತೆಗೆ ಕನ್ನಡವೂ ಸೇರಿ ಹಲವು ಭಾಷೆಗಳು ಬಂದವು. ಬೆಳಗಿನ ಹಾಜರಾತಿ ಮತ್ತು ಮೊದಲ ಫೋಟೊವನ್ನು ನೆಟ್‌ವರ್ಕ್ ಇಲ್ಲದೆಡೆ ತೆಗೆದಿಟ್ಟು, ಸಿಗ್ನಲ್ ಸಿಕ್ಕಾಗ ಕಳುಹಿಸಲು ಅವಕಾಶವಾಯಿತು. ಎರಡನೆಯ ಫೋಟೊವನ್ನು ಮೊದಲನೆಯದರ ನಾಲ್ಕು ಗಂಟೆಗಳ ಬಳಿಕ ತೆಗೆಯುವಂತೆ ಮಾಡಲಾಯಿತು. ಅನಿವಾರ್ಯ ಸಂದರ್ಭಗಳಲ್ಲಿ ಕೈಬರಹದ ಹಾಜರಾತಿಯನ್ನು ದಾಖಲಿಸುವ ಅಧಿಕಾರವನ್ನು ಜಿಲ್ಲಾ ಕಾರ್ಯಕ್ರಮ ಸಂಯೋಜಕರಿಗೆ ನೀಡಲಾಯಿತು. ಇವುಗಳಲ್ಲಿ ಒಂದಾದರೂ ಬಿಸಿಲಲ್ಲಿ ನಿಂತು ಫೋನ್ ಹಿಡಿದವರಿಗೆ ಮೊದಲ ವಾರದಲ್ಲೇ ಹೊಳೆಯದ ಸಂಗತಿಯೇ? ಗುಡ್ಡದ ಮರೆಯ ಕೆರೆಯಂಗಳದಲ್ಲಿ ಸಿಗ್ನಲ್ ಇರುವುದಿಲ್ಲ ಎಂಬುದನ್ನು ಕಾಯಕ ಬಂಧುವಿಗೆ ಯಾರೂ ಕಲಿಸಬೇಕಾಗಿಲ್ಲ. ಆಕೆಗೆ ಗೊತ್ತಿದ್ದುದು ಆ್ಯಪ್ ಕಟ್ಟುವವರ ಮೇಜಿಗೆ ಎಷ್ಟು ಬೇಗ, ಎಷ್ಟು ಸ್ಪಷ್ಟವಾಗಿ ತಲುಪುತ್ತದೆ ಎಂಬುದರ ಮೇಲೆ ಕೂಲಿಯ ಹಣ ನಿಂತಿರುತ್ತದೆ. ಪ್ರಾಯೋಗಿಕ ಅವಧಿ ಇರುವುದು ಅದಕ್ಕಾಗಿಯೇ. ಕಡ್ಡಾಯ ಆದೇಶ ಬಂದ ಬಳಿಕ ಹೇಳಿದ ದೋಷ ದೂರಾಗುತ್ತದೆ. ಅದಕ್ಕೆ ಮೊದಲು ಹೇಳಿದರೆ ಅದು ಸಲಹೆ ಎನಿಸಿಕೊಳ್ಳುತ್ತದೆ, ತಿದ್ದುವವರಿಗೂ ಸುಲಭ.

ಇನ್ನೊಂದು ಮಾತು. 2025ರ ಜುಲೈ 8ರ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯದ ಸುತ್ತೋಲೆಯಲ್ಲಿ ಇದೇ ಆ್ಯಪ್‌ನ ದುರ್ಬಳಕೆಯ ಬಗೆಗಳನ್ನು ಹೆಸರಿಸಲಾಗಿದೆ: ಕಾಮಗಾರಿಗೆ ಸಂಬಂಧವಿಲ್ಲದ ಚಿತ್ರ ಹಾಕುವುದು, ಫೋಟೊದ ಫೋಟೊ ತೆಗೆಯುವುದು, ಒಬ್ಬರೇ ಹಲವು ಎನ್‌ಎಂಆರ್‌ಗಳಲ್ಲಿ ಕಾಣಿಸಿಕೊಳ್ಳುವುದು ಇತ್ಯಾದಿ. ಅದರ ಪರಿಣಾಮವಾಗಿ ಫೋಟೊಗಳನ್ನು ಕಣ್ಣಿನಿಂದ ನೋಡಿ ಪರಿಶೀಲಿಸುವ ಹೊಣೆ ಗ್ರಾಮ ಪಂಚಾಯಿತಿಗೇ ಬಂದಿದೆ. ಎಂಜಿನಿಯರಿಂಗ್ ಓದಿದವನಾಗಿ ನನ್ನ ಅಭಿಪ್ರಾಯ ಹೇಳುವುದಾದರೆ, ಫೋಟೊ ಬಂದಿದೆಯೇ ಎಂದಷ್ಟೇ ಕೇಳಿ, ಫೋಟೊದಲ್ಲಿ ಏನಿದೆ ಎಂದು ಕೇಳದ ವ್ಯವಸ್ಥೆಯಲ್ಲಿ ಇದು ಆಗಿಯೇ ಆಗುತ್ತದೆ. ಆದ್ದರಿಂದ ಪರೀಕ್ಷೆ ಎಂದರೆ ಆ್ಯಪನ್ನು ಸರಿಯಾಗಿ ಬಳಸಿ ನೋಡುವುದು ಮಾತ್ರ ಎಂದು ತಿಳಿಯಬಾರದು. ಗೋಡೆಯ ಕ್ಯಾಲೆಂಡರಿಗೆ ಕ್ಯಾಮೆರಾ ಹಿಡಿದರೆ ಅದು ಒಪ್ಪುತ್ತದೆಯೇ ಎಂದು ಬೇಕೆಂದೇ ನೋಡುವುದೂ ಪರೀಕ್ಷೆಯೇ. ಪ್ರಾಯೋಗಿಕ ಅವಧಿಯಲ್ಲಿ, ತಯಾರಕರಿಗೆ ಮೊದಲೇ ತಿಳಿಸಿ, ಇಂಥದ್ದನ್ನು ಮಾಡಿ ನೋಡಿದ ಸ್ವಯಂಸೇವಕನನ್ನು ‘ಕಳ್ಳಾಟ ಆಡಿದ’ ಎಂದು ಯಾರೂ ಅನ್ನದಂತೆ ನೋಡಿಕೊಳ್ಳುವುದು ಸದಸ್ಯರ ಕೆಲಸ.

ನಾನು ಕೆಲಸ ಮಾಡಿದ ಒಂದು ಪಂಚಾಯಿತಿಗೆ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಒಂದು ತಂಡ ಬಂದಿತ್ತು. ಅಂತಿಮ ವರ್ಷದ ಪ್ರಾಜೆಕ್ಟಿಗಾಗಿ ಕುಡಿಯುವ ನೀರಿನ ದೂರು ದಾಖಲಿಸುವ ಆ್ಯಪ್ ಕಟ್ಟಿದ್ದರು. ಆ್ಯಪ್ ಅಂದವಾಗಿತ್ತು. ದೂರು ಕೊಡುವವರು ಮೊದಲು ವಾರ್ಡ್ ಸಂಖ್ಯೆ ಆರಿಸಬೇಕು, ಆಮೇಲೆ ನಲ್ಲಿ ಸಂಪರ್ಕದ ಸಂಖ್ಯೆ ನಮೂದಿಸಬೇಕು. ಪರೀಕ್ಷೆಗೆ ಕುಳಿತವರಲ್ಲಿ ನಮ್ಮ ನೀರುಗಂಟಿಯೂ ಒಬ್ಬರು. ಅವರು ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, ‘ಸರ, ನೀರು ವಾರ್ಡ್ ನೋಡಿ ಹೋಗಂಗಿಲ್ರಿ, ವಾಲ್ ನೋಡಿ ಹೋಗ್ತೈತಿ’ ಎಂದರು. ವಿದ್ಯಾರ್ಥಿಗಳಿಗೆ ಅರ್ಥವಾಗಲಿಲ್ಲ. ಅವರನ್ನು ಕರೆದುಕೊಂಡು ಹೋಗಿ ಓವರ್‌ಹೆಡ್ ಟ್ಯಾಂಕಿನಿಂದ ಹೊರಡುವ ಕೊಳವೆ, ಅದರ ಮೇಲಿನ ವಾಲ್ವ್‌ಗಳು, ಯಾವ ವಾಲ್ವ್ ತಿರುಗಿಸಿದರೆ ಯಾವ ಓಣಿಗೆ ನೀರು ಏರುತ್ತದೆ ಎಂಬುದನ್ನು ಅವರು ತೋರಿಸಿದರು. ಒಂದು ವಾಲ್ವ್ ಎರಡು ವಾರ್ಡುಗಳ ಅರ್ಧರ್ಧ ಓಣಿಗೆ ನೀರು ಕೊಡುತ್ತಿತ್ತು. ವಾರ್ಡಿನ ಲೆಕ್ಕದಲ್ಲಿ ದೂರು ಬಂದರೆ ನೀರುಗಂಟಿಗೆ ಅದರಿಂದ ಏನೂ ತಿಳಿಯುತ್ತಿರಲಿಲ್ಲ. ಮತ್ತೆ ಫೋನ್ ಮಾಡಿ ‘ಯಾರ ಮನೆ ಹತ್ರ’ ಎಂದು ಕೇಳಲೇಬೇಕಿತ್ತು. ನಲ್ಲಿಯ ಸಂಖ್ಯೆಯಂತೂ ಕರ ವಸೂಲಿಗಾರರ ಪುಸ್ತಕದಲ್ಲಿ ಬಿಟ್ಟರೆ ಮತ್ತಾರ ಬಾಯಲ್ಲೂ ಇರಲಿಲ್ಲ.

ಮುಂದಿನ ವಾರ ಅವರು ತಂದ ಆವೃತ್ತಿಯಲ್ಲಿ ವಾರ್ಡಿನ ಜಾಗದಲ್ಲಿ ಓಣಿಯ ಹೆಸರು ಬಂದಿತ್ತು. ಓಣಿ ಆರಿಸಿದೊಡನೆ ವಾಲ್ವ್ ತಾನಾಗಿಯೇ ಗುರುತಾಗುತ್ತಿತ್ತು. ಆ ಮಾತನ್ನು ಆಡಿದ ವ್ಯಕ್ತಿ ಏಳನೆಯ ತರಗತಿಯವರೆಗೆ ಓದಿದವರು. ಅವರನ್ನು ಪರೀಕ್ಷೆಗೆ ಕರೆಯಬೇಕೆಂದು ಸೂಚಿಸಿದವರು ಆ ವಾರ್ಡಿನ ಸದಸ್ಯೆ, ನಾನಲ್ಲ. ‘ಬುದ್ಧಿವಂತ ಹುಡುಗರನ್ನು ಕರೆಸಿ ಸರ್’ ಎಂದು ಉಳಿದವರು ಹೇಳುತ್ತಿದ್ದಾಗ ಅವರು, ‘ನೀರು ಬಿಡೋರನ್ನ ಕರೀರಿ’ ಎಂದಿದ್ದರು. ಸದಸ್ಯರ ನೆರವು ಬೇಕಾಗುವುದು ಇಲ್ಲಿ. ಊರಿನಲ್ಲಿ ಯಾವ ಕೆಲಸ ನಿಜವಾಗಿ ಯಾರ ಕೈಯಲ್ಲಿ ನಡೆಯುತ್ತದೆ ಎಂಬುದು ತಮಗೆ ಗೊತ್ತು. ಹೊರಗಿನಿಂದ ಬಂದವರಿಗೆ ಗೊತ್ತಿಲ್ಲ. ವರ್ಗಾವಣೆಯ ಮೇಲೆ ಬರುವ ನಮ್ಮಂಥ ಅಧಿಕಾರಿಗಳಿಗೂ ಅಷ್ಟಾಗಿ ಗೊತ್ತಿರುವುದಿಲ್ಲ.

ಹಾಗಾದರೆ ಎಷ್ಟು ಜನ ಬೇಕು? ಬಳಕೆದಾರರ ಪರೀಕ್ಷೆಯ ಕುರಿತು ಹೆಸರಾದ ಯಾಕೋಬ್ ನೀಲ್ಸನ್ ಅವರು 2000ರಲ್ಲಿ ಒಂದು ಲೆಕ್ಕ ಕೊಟ್ಟರು: ಐದು ಮಂದಿ ಬಳಸಿ ನೋಡಿದರೆ ಸುಮಾರು ಶೇ 85ರಷ್ಟು ತೊಡಕುಗಳು ಕಣ್ಣಿಗೆ ಬೀಳುತ್ತವೆ. ಈ ಲೆಕ್ಕ ಅನ್ವಯಿಸುವುದು ಒಂದೇ ಬಗೆಯ ಬಳಕೆದಾರರಿಗೆ. ನಮ್ಮಲ್ಲಿ ಬಗೆಗಳು ಹಲವು. ತಾಂಡಾಗಳ ಹಿರಿಯ ಮಹಿಳೆಯರಿಗೆ ಮನೆಮಾತು ಲಂಬಾಣಿ, ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬಾರದು. ಕೂಡ್ಲಿಗಿಯ ಆಂಧ್ರ ಗಡಿಯ ಕಡೆ ತೆಲುಗಿನ ಬಳಕೆ ಇದೆ. ಬೇಸಿಗೆಯಲ್ಲಿ ಗುಳೆ ಹೋದ ಮನೆಗಳಲ್ಲಿ ಹೊಸ ಫೋನ್ ಮಗನ ಜೊತೆ ಬೆಂಗಳೂರಿಗೆ ಹೋಗಿರುತ್ತದೆ. ತಾಯಿಯ ಬಳಿ ಪರದೆ ಒಡೆದ ಹಳೆಯ ಫೋನ್ ಉಳಿದಿರುತ್ತದೆ. ಉದ್ಯೋಗ ಖಾತ್ರಿಯ ಕೆಲಸಕ್ಕೆ ಬೇಡಿಕೆ ಹೆಚ್ಚುವುದೂ ಅದೇ ಬೇಸಿಗೆಯಲ್ಲಿ. ಆದ್ದರಿಂದ ಪ್ರತಿ ಬಗೆಯಿಂದ ನಾಲ್ಕೈದು ಜನರಿದ್ದರೆ ಸಾಕು, ಆದರೆ ಪ್ರತಿ ಬಗೆಯೂ ಇರಲೇಬೇಕು. ಹಳೆಯ ಫೋನ್ ಇರುವವರನ್ನು ಹುಡುಕಿ ಕರೆಯಿರಿ. ಹೊಸ ಫೋನಿನಲ್ಲಿ ಎಲ್ಲ ಆ್ಯಪ್‌ಗಳೂ ಚೆನ್ನಾಗಿಯೇ ಕೆಲಸ ಮಾಡುತ್ತವೆ.

ಪರೀಕ್ಷೆಗೆ ಕುಳಿತಾಗ ಸ್ವಯಂಸೇವಕರಿಗೆ ಮೊದಲು ಹೇಳಬೇಕಾದ ಮಾತು ಒಂದೇ: ‘ನಾವು ನೋಡುತ್ತಿರುವುದು ಆ್ಯಪನ್ನು, ನಿಮ್ಮನ್ನಲ್ಲ.’ ಆಮೇಲೆ ಪಕ್ಕದಲ್ಲಿ ಕುಳಿತವರು ಬಾಯಿ ತೆರೆಯಬಾರದು. ಇದು ಕಷ್ಟದ ಕೆಲಸ. ಅಕ್ಕ ತಪ್ಪು ಗುಂಡಿ ಒತ್ತಲು ಹೊರಟಾಗ ‘ಅದಲ್ಲ ಬೇ, ಪಕ್ಕದ್ದು’ ಎನ್ನಬೇಕೆನಿಸುತ್ತದೆ. ಹಾಗೆ ಹೇಳಿದ ಕ್ಷಣಕ್ಕೆ ದೋಷವೊಂದು ಮುಚ್ಚಿಹೋಯಿತೆಂದೇ ಅರ್ಥ, ಏಕೆಂದರೆ ನಾಳೆ ಕಾಮಗಾರಿಯ ಸ್ಥಳದಲ್ಲಿ ಹೇಳಿಕೊಡಲು ನಾವು ಇರುವುದಿಲ್ಲ. ಆಕೆ ಎಲ್ಲಿ ತಡೆದು ನಿಂತರು, ಏನನ್ನು ಎರಡು ಸಲ ಓದಿದರು, ಯಾವುದನ್ನು ಮುಟ್ಟಲು ಹೆದರಿದರು ಎಂಬುದನ್ನು ನೋಡಿ ಬರೆದುಕೊಳ್ಳಿ.

ಭಾಷೆಯ ತೊಡಕುಗಳು ಹೆಚ್ಚಾಗಿ ಗೊತ್ತಾಗುವುದು ಹೀಗೆಯೇ. ಸಂದೇಶವೊಂದನ್ನು ಪರದೆಯಿಂದ ಸರಿಸುವ ಗುಂಡಿಗೆ ಫೋನ್‌ಗಳ ಕನ್ನಡದಲ್ಲಿ ‘ವಜಾಗೊಳಿಸಿ’ ಎಂಬ ಪದ ಕಾಣುವುದುಂಟು. ಅನುವಾದಕರಿಗೆ ಅದು ಸರಿಯೆನಿಸಿರಬಹುದು. ನಮ್ಮ ಕಡೆ ವಜಾ ಎಂದರೆ ಕೆಲಸದಿಂದ ತೆಗೆದುಹಾಕುವುದು, ಇಲ್ಲವೇ ಅರ್ಜಿ ಬಿದ್ದುಹೋಗುವುದು. ಕೂಲಿ ಬೇಡಿಕೆ ಸಲ್ಲಿಸಿದ ಹೆಣ್ಣುಮಗಳು ಆ ಗುಂಡಿಯನ್ನು ಮುಟ್ಟುವ ಧೈರ್ಯ ಮಾಡುವರೇ? ‘ಕೆಲಸ’ ಮತ್ತು ‘ಕಾಮಗಾರಿ’, ‘ಹಾಜರಿ’ ಮತ್ತು ‘ಉಪಸ್ಥಿತಿ’ ಇವುಗಳಲ್ಲಿ ಜನರ ಬಾಯಲ್ಲಿರುವುದು ಯಾವುದು ಎಂದು ನಿರ್ಣಯಿಸಲು ನಿಘಂಟು ಬೇಡ, ಬಂಡಿನ ಕೆಲಸಕ್ಕೆ ಬಂದ ಹತ್ತು ಜನ ಸಾಕು.

ನಮ್ಮ ಜಿಲ್ಲೆಯವರೇ ನೋಡಬೇಕಾದ ಕೆಲವು ಸಂಗತಿಗಳೂ ಇವೆ. ಹರಪನಹಳ್ಳಿಯನ್ನು ತೆಗೆದುಕೊಳ್ಳಿ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಿಂದ ವಿಜಯನಗರದಲ್ಲಿದೆ. ಕೊಟ್ಟೂರು ಕೂಡ್ಲಿಗಿಯಿಂದ ಬೇರ್ಪಟ್ಟು ತಾಲ್ಲೂಕಾಗಿದೆ. ಯಾರೋ ಹಳೆಯ ಪಟ್ಟಿಯನ್ನು ಆ್ಯಪ್‌ಗೆ ತುಂಬಿದ್ದರೆ ಹರಪನಹಳ್ಳಿಯವರು ತಮ್ಮ ಊರನ್ನು ಮೂರು ಜಿಲ್ಲೆಗಳಲ್ಲಿ ಹುಡುಕಬೇಕಾಗುತ್ತದೆ. ‘ಹಡಗಲಿ’ ಎಂದು ಹುಡುಕಿದರೆ ‘ಹೂವಿನಹಡಗಲಿ’ ಸಿಗುತ್ತದೆಯೇ, ‘ಹ.ಬೊ.ಹಳ್ಳಿ’ ಎಂದರೆ ಗೊತ್ತಾಗುತ್ತದೆಯೇ ಎಂದೂ ನೋಡಬೇಕು. ಒಂದೇ ಹೆಸರಿನ ಊರುಗಳು ಎರಡು ತಾಲ್ಲೂಕುಗಳಲ್ಲಿದ್ದರೆ ಗುರುತಿಸುವ ದಾರಿ ಇದೆಯೇ? ತಾಂಡಾಗಳ ಹೆಸರು ಪಟ್ಟಿಯಲ್ಲಿವೆಯೇ, ಅಥವಾ ಮೂಲ ಗ್ರಾಮದ ಹೆಸರಿನಲ್ಲೇ ಸೇರಿಹೋಗಿವೆಯೇ? ರಾಜ್ಯ ಮಟ್ಟದಲ್ಲಿ ಕುಳಿತು ಇದನ್ನು ಯಾರೂ ಪತ್ತೆ ಮಾಡಲಾರರು.

ಸ್ಥಳ ಗುರುತಿಸುವ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಜಿಪಿಎಸ್‌ಗೆ ಇಂಟರ್‌ನೆಟ್ ಬೇಕಿಲ್ಲ. ಅದು ಉಪಗ್ರಹಗಳ ಸಂಕೇತದಿಂದ ನಡೆಯುತ್ತದೆ. ಬಯಲಿನಲ್ಲಿ ನಿಂತರೆ ಕೆಲವೇ ಮೀಟರ್‌ಗಳ ವ್ಯತ್ಯಾಸದಲ್ಲಿ ಸ್ಥಳ ತೋರಿಸುತ್ತದೆ. ಆದರೆ ಫೋನ್ ಕೆಲವೊಮ್ಮೆ ಟವರ್‌ಗಳ ಆಧಾರದಲ್ಲಿ ಸ್ಥಳವನ್ನು ಅಂದಾಜು ಮಾಡುತ್ತದೆ; ಆಗ ನೂರಾರು ಮೀಟರ್ ಆಚೀಚೆ ಆಗಬಹುದು. ಹಡಗಲಿ ತಾಲ್ಲೂಕಿನ ಹೊಳೆದಂಡೆಯ ಊರಿನವರು ತುಂಗಭದ್ರೆಯ ಈಚೆ ನಿಂತು ಫೋಟೊ ತೆಗೆದರೆ ನಕ್ಷೆಯ ಚುಕ್ಕಿ ಆಚೆ ದಡದ ಬೇರೆ ಜಿಲ್ಲೆಯಲ್ಲಿ ಬೀಳುವ ಸಾಧ್ಯತೆಯೂ ಇಲ್ಲದಿಲ್ಲ. ಆದ್ದರಿಂದ ‘ನೆಟ್‌ವರ್ಕ್ ಇಲ್ಲ, ಆ್ಯಪ್ ನಡೆಯಲಿಲ್ಲ’ ಎಂದು ಒಂದೇ ಸಾಲಿನಲ್ಲಿ ಬರೆಯುವ ಬದಲು, ಸ್ಥಳ ಸಿಗಲಿಲ್ಲವೋ, ಫೋಟೊ ತೆಗೆಯಲಾಗಲಿಲ್ಲವೋ, ತೆಗೆದದ್ದು ಹೋಗಲಿಲ್ಲವೋ ಎಂದು ಬಿಡಿಸಿ ಬರೆದರೆ ತಿದ್ದುವವರಿಗೆ ಎಲ್ಲಿ ಕೈಹಾಕಬೇಕೆಂದು ತಿಳಿಯುತ್ತದೆ.

ದೋಷದ ವರದಿ ಬರೆಯುವ ಕ್ರಮಕ್ಕೆ ಬರುತ್ತೇನೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಆ್ಯಪ್ ವರ್ಕ್ ಆಗ್ತಿಲ್ಲ’ ಎಂದು ಹಾಕಿ, ಅದರ ಕೆಳಗೆ ಇಪ್ಪತ್ತು ಜನ ‘ನಮ್ದೂ ಅಷ್ಟೇ’ ಎಂದರೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಬೇಕಾದ್ದು ಇಷ್ಟು: ಏನು ಮಾಡಲು ಹೊರಟಿದ್ದರು, ಯಾವ ಯಾವ ಗುಂಡಿ ಯಾವ ಕ್ರಮದಲ್ಲಿ ಒತ್ತಿದರು, ಏನಾಗಬೇಕಿತ್ತು, ಏನಾಯಿತು. ಜೊತೆಗೆ ಫೋನಿನ ಕಂಪನಿ ಮತ್ತು ಮಾದರಿ, ಆಂಡ್ರಾಯ್ಡ್ ಆವೃತ್ತಿ, ಆ್ಯಪ್‌ನ ಆವೃತ್ತಿ ಸಂಖ್ಯೆ, ದಿನಾಂಕ, ವೇಳೆ, ಸ್ಥಳ. ಸಾಧ್ಯವಾದರೆ ಪರದೆಯ ಚಿತ್ರ. ಎಲ್ಲಕ್ಕಿಂತ ಮುಖ್ಯವಾಗಿ, ಅದೇ ಕ್ರಮದಲ್ಲಿ ಮತ್ತೊಮ್ಮೆ ಮಾಡಿದಾಗ ಮತ್ತೆ ಹಾಗೇ ಆಯಿತೇ? ಮರುಕಳಿಸುವ ದೋಷವನ್ನು ಎಂಜಿನಿಯರ್ ತನ್ನ ಮೇಜಿನ ಮೇಲೆ ಹಿಡಿಯಬಲ್ಲ. ಬರೆಯಲು ಬಾರದವರು ಹೇಳಿದ್ದನ್ನು ಅವರ ಮಾತಿನಲ್ಲೇ ಧ್ವನಿಮುದ್ರಿಸಿ ಕಳುಹಿಸಿದರೂ ನಡೆಯುತ್ತದೆ.

ಇದನ್ನು ಪಂಚಾಯಿತಿ ಕಚೇರಿಯಲ್ಲಿ ಒಂದು ಪುಸ್ತಕದಲ್ಲಿ ದಾಖಲಿಸಿ ಕ್ರಮಸಂಖ್ಯೆ ಕೊಡುವುದು ಒಳ್ಳೆಯದು. ಗಂಭೀರ ದೋಷಗಳನ್ನು ಸಾಮಾನ್ಯ ಸಭೆಯ ಮುಂದಿಟ್ಟು ನಡಾವಳಿಯಲ್ಲಿ ಸೇರಿಸಿ ಮೇಲಿನ ಕಚೇರಿಗೆ ಕಳುಹಿಸಿದರೆ, ಅದು ಒಬ್ಬ ಕಾಯಕ ಬಂಧುವಿನ ಗೊಣಗಾಟವಾಗಿ ಉಳಿಯದೆ ಚುನಾಯಿತ ಸಂಸ್ಥೆಯೊಂದರ ಅಭಿಪ್ರಾಯವಾಗುತ್ತದೆ. ಪತ್ರಕ್ಕೆ ಪಿಡಿಒ ಸಹಿ ಹಾಕಬಹುದು. ಅದರ ಹಿಂದೆ ಸಭೆಯ ನಿರ್ಣಯವಿದ್ದರೆ ಅದಕ್ಕೆ ಬರುವ ತೂಕವೇ ಬೇರೆ.

ಸುರಕ್ಷತೆಯ ಬಗ್ಗೆ ತಾವು ಕಟ್ಟುನಿಟ್ಟಾಗಿರಬೇಕು. ಆರ್‌ಟಿಒ ಚಲನ್, ಪಿಎಂ ಕಿಸಾನ್ ಎಂಬ ಹೆಸರಿನ ನಕಲಿ ಎಪಿಕೆ ಕಡತಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿ ಜನರ ಖಾತೆ ಬರಿದಾಗಿರುವ ಸುದ್ದಿಯನ್ನು ಓದಿದ್ದೀರಿ. ‘ಟೆಸ್ಟ್ ಮಾಡಿ’ ಎಂದು ಯಾರೋ ಕಳುಹಿಸಿದ ಎಪಿಕೆಯನ್ನು ಊರಿನವರ ಫೋನಿಗೆ ಹಾಕಿಸಬಾರದು. ಪ್ರಾಯೋಗಿಕ ಆವೃತ್ತಿಗಳನ್ನು ಹಂಚಲು ಪ್ಲೇ ಸ್ಟೋರ್‌ನಲ್ಲಿಯೇ ವ್ಯವಸ್ಥೆ ಇದೆ. ಪರೀಕ್ಷಕರ ಇಮೇಲ್ ಪಟ್ಟಿಗೆ ಸೇರಿಸಿ ಕೊಂಡಿ ಕಳುಹಿಸುತ್ತಾರೆ. ಇಲಾಖೆಯ ಆ್ಯಪ್ ಬೇರೆ ದಾರಿಯಿಂದ ಬಂದರೆ ಲಿಖಿತ ಆದೇಶ ಕೇಳಿ. ಪರೀಕ್ಷೆಗೆ ನಿಜವಾದ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಒಟಿಪಿ ಬಳಸಬೇಡಿ. ಕಲ್ಪಿತ ಹೆಸರು, ಕಲ್ಪಿತ ಸಂಖ್ಯೆಗಳನ್ನು ಕೊಡಲು ತಯಾರಕರಿಗೆ ಹೇಳಿ. ಯಾರದೇ ಫೋಟೊ ತೆಗೆಯುವ ಮುನ್ನ ಒಪ್ಪಿಗೆ ಕೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಬುನಾದಿಯೂ ಈ ಒಪ್ಪಿಗೆಯೇ. ಹಣ ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಿಸಿ.

ನಮ್ಮ ಊರುಗಳ ಹುಡುಗರೇ ಆ್ಯಪ್ ಕಟ್ಟುವುದೂ ಈಗ ಅಪರೂಪವಲ್ಲ. ಅಂಥವರಿಗೆ ತಾವು ಮಾಡಬಹುದಾದ ಒಂದು ಉಪಕಾರವಿದೆ. 2023ರ ನವೆಂಬರ್ 13ರ ಬಳಿಕ ವೈಯಕ್ತಿಕ ಖಾತೆ ತೆರೆದವರು ಪ್ಲೇ ಸ್ಟೋರ್‌ನಲ್ಲಿ ತಮ್ಮ ಆ್ಯಪನ್ನು ಸಾರ್ವಜನಿಕಗೊಳಿಸಬೇಕಾದರೆ ಮೊದಲು ಪರೀಕ್ಷಕರ ತಂಡವೊಂದು ಸತತ 14 ದಿನ ಅದರಲ್ಲಿ ನೋಂದಾಯಿತವಾಗಿರಬೇಕು. ಮೊದಲು 20 ಪರೀಕ್ಷಕರು ಬೇಕಿತ್ತು, ಈಗ 12 ಸಾಕು. ನಗರದಲ್ಲಿ ಸ್ನೇಹಿತರ ಬಳಗವಿದ್ದವರಿಗೆ ಇದು ಸುಲಭ. ಕೊಟ್ಟೂರಿನ ಕಡೆಯ ಹಳ್ಳಿಯೊಂದರಲ್ಲಿ ಕುಳಿತ ಹುಡುಗಿಗೆ 12 ಫೋನ್‌ಗಳನ್ನು ಹುಡುಕುವುದೇ ದೊಡ್ಡ ಕೆಲಸ. ಗ್ರಂಥಾಲಯದ ಓದುಗರಲ್ಲಿ, ಸಂಘದ ಸದಸ್ಯರಲ್ಲಿ 12 ಜನರನ್ನು ಒಪ್ಪಿಸಿ, ನಡುವೆ ಯಾರೂ ಬಿಟ್ಟುಹೋಗದಂತೆ ನೋಡಿಕೊಂಡರೆ ಆಕೆಯ ಅರ್ಧ ಕೆಲಸ ಮುಗಿದಂತೆ.

ಕೊನೆಯದಾಗಿ ಸ್ವಯಂಸೇವಕರ ಕೂಲಿ ಮತ್ತು ಗೌರವದ ವಿಷಯ. ಪರೀಕ್ಷೆಗೆಂದು ಅರ್ಧ ದಿನ ಕೆಲಸ ಬಿಟ್ಟು ಬಂದ ಕೂಲಿಕಾರರಿಗೆ ಆ ದಿನದ ಕೂಲಿ ತಪ್ಪಬಾರದು. ಆದ್ದರಿಂದ ಪರೀಕ್ಷೆಯನ್ನು ಕೆಲಸದ ಸ್ಥಳದಲ್ಲೇ, ವಿಶ್ರಾಂತಿಯ ವೇಳೆಯಲ್ಲಿ ಇಟ್ಟುಕೊಳ್ಳುವುದು ಲೇಸು. ಡಾಟಾ ರೀಚಾರ್ಜ್ ಅವರ ಕಿಸೆಯಿಂದ ಹೋಗಬಾರದು. ತಯಾರಕರು ಭರಿಸುವರೇ ಎಂದು ಮೊದಲೇ ಕೇಳಿ. ಪ್ರಾಯೋಗಿಕ ಅವಧಿ ಮುಗಿಯುವವರೆಗೆ ಕಾಗದದ ದಾಖಲೆ ಜೊತೆಯಲ್ಲೇ ನಡೆಯಬೇಕು. ಆ್ಯಪ್ ಒಂದು ಹೇಳಿ ಕಾಗದ ಇನ್ನೊಂದು ಹೇಳಿದರೆ ಆ ಅವಧಿಯಲ್ಲಿ ಕಾಗದದ ಮಾತೇ ನಡೆಯಬೇಕೆಂದು ಮೊದಲ ದಿನವೇ ಎಲ್ಲರ ಎದುರು ಹೇಳಿಬಿಡಿ. ದೋಷ ತೋರಿಸಿದವರಿಗೆ ಅದು ಏನಾಯಿತೆಂದು ತಿಳಿಸುವುದನ್ನು ಮರೆಯಬೇಡಿ. ಎರಡು ಸಲ ಹೇಳಿಯೂ ಉತ್ತರ ಬರದಿದ್ದರೆ ಮೂರನೆಯ ಸಲ ಯಾರೂ ಹೇಳುವುದಿಲ್ಲ. ‘ನೀವು ಹೇಳಿದ್ದು ಸರಿಯಾಗಿದೆ, ಹೊಸ ಆವೃತ್ತಿಯಲ್ಲಿ ನೋಡಿ’ ಎಂದೋ, ‘ಇದು ಈಗ ಆಗುವುದಿಲ್ಲವಂತೆ, ಕಾರಣ ಇದು’ ಎಂದೋ ಪುಸ್ತಕದ ಅದೇ ಕ್ರಮಸಂಖ್ಯೆಯ ಎದುರು ಬರೆದು ಅವರಿಗೆ ಓದಿ ಹೇಳಿ.

ಊಟದ ಬಳಿಕ ತಾಲ್ಲೂಕುವಾರು ಕುಳಿತು ಇಂಥ ಒಂದು ಪುಸ್ತಕಕ್ಕೆ ಮಾದರಿ ನಮೂದುಗಳನ್ನು ಬರೆಯೋಣ. ತಮ್ಮ ಫೋನಿನಲ್ಲಿ ಈಗಾಗಲೇ ಇರುವ ಯಾವುದಾದರೂ ಸರ್ಕಾರಿ ಆ್ಯಪನ್ನು ತೆರೆದು, ತಮಗೆ ತೊಡಕಾದ ಒಂದು ಜಾಗವನ್ನು ಆರಿಸಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಹಳೆಯ ಫೋನ್ ಇರುವವರು ದಯವಿಟ್ಟು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ.